ಅಮೆರಿಕದ ಮೆಟ್ರೊ, ಬಸ್ಸುಗಳ ರಶ್ಶು: ಮೈಸೂರಿನಿಂದ ಹೋಗುವವರಿಗೆ ಊರೂರಿನ ವಿಮರ್ಶೆ

ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೊರಡುವ ಮೈಸೂರು, ಮಂಡ್ಯದ ಹಿರಿಯರು ಅಲ್ಲಿನ ರೈಲು, ಬಸ್ಸಿನ ಬಗ್ಗೆ ಮೊದಲು ಕೇಳುವುದು "ರಶ್ಶಿರುತ್ತಾ?" ಎಂದು. ಕೇಳಬೇಕಾದದ್ದು "ಒಂದು ಹೋದರೆ ಇನ್ನೊಂದು ಎಷ್ಟು ಹೊತ್ತಿಗೆ?" ಎಂದು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಬಸ್ಸಿನಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳುವುದಿಲ್ಲ, ಆದರೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತಲೇ ಇರುತ್ತದೆ. ದಿನಕ್ಕೆ ಮೂರೇ ಟ್ರಿಪ್ ಇರುವ ಹಳ್ಳಿ ಬಸ್ಸಿನಲ್ಲಿ ಸೀಟು ಸಿಗುತ್ತದೆ, ತಪ್ಪಿದರೆ ಅರ್ಧ ದಿನ ಹೋಯಿತು. ಅಮೆರಿಕದ ಊರುಗಳಲ್ಲೂ ಈ ಎರಡು ಬಗೆ ಇವೆ. ಜನ ತುಂಬಿದ ಊರಿನ ಸೇವೆಯೇ ನಂಬಿಕೆಗೆ ಯೋಗ್ಯ.

ಅಂಕಿಅಂಶ ನೋಡುವವರು ಒಂದು ಎಚ್ಚರ ವಹಿಸಬೇಕು. ಕುವೆಂಪುನಗರದಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಹೆಬ್ಬಾಳಕ್ಕೆ ಹೋದವರು ಒಬ್ಬರೋ ಇಬ್ಬರೋ? ಅಮೆರಿಕದ ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಹತ್ತಿದ ಪ್ರತಿ ಗಾಡಿಗೂ ಒಂದೊಂದು ಪ್ರಯಾಣ. ನ್ಯೂಯಾರ್ಕಿನ ಸಬ್‌ವೇ (ಅಲ್ಲಿನ ಮೆಟ್ರೊ ರೈಲು) ನಡೆಸುವ ಎಂಟಿಎ ಸಂಸ್ಥೆಯಾದರೋ ಗೇಟು ದಾಟಿ ಒಳಬಂದವರನ್ನು ಎಣಿಸುತ್ತದೆ, ಒಳಗೆ ಎಷ್ಟು ರೈಲು ಬದಲಿಸಿದರೂ ಒಂದೇ ಪ್ರಯಾಣ. ಹಾಗಾಗಿಯೇ 2023ಕ್ಕೆ ಎಂಟಿಎ ಕೊಡುವ ಅಂಕಿ ಸುಮಾರು 115 ಕೋಟಿ, ಇನ್ನೊಂದು ಲೆಕ್ಕದಲ್ಲಿ ಅದೇ ಸಬ್‌ವೇಗೆ 200 ಕೋಟಿ. ಎರಡೂ ಸರಿ. ಒಂದು ಊರಿಗೆ ಒಂದು ಪಟ್ಟಿ, ಇನ್ನೊಂದು ಊರಿಗೆ ಇನ್ನೊಂದು ಪಟ್ಟಿ ಹಿಡಿದು ಹೋಲಿಸುವುದೇ ತಪ್ಪು.

ಯಾವ ಲೆಕ್ಕದಲ್ಲಿ ನೋಡಿದರೂ ನ್ಯೂಯಾರ್ಕಿನ ಹತ್ತಿರ ಬೇರೆ ಯಾವ ಊರೂ ಸುಳಿಯುವುದಿಲ್ಲ. ಇಡೀ ದೇಶದ ಸಾರ್ವಜನಿಕ ಸಾರಿಗೆ ಪ್ರಯಾಣದಲ್ಲಿ ಸುಮಾರು ಶೇ 40 ಆ ಒಂದು ನಗರ ಪ್ರದೇಶದ್ದೇ. 472 ಸ್ಟೇಷನ್ನು, ಹಗಲೂ ರಾತ್ರಿ ರೈಲು. 4, 5, 6 ನಂಬರಿನ ರೈಲು ಓಡುವ ಲೆಕ್ಸಿಂಗ್ಟನ್ ಅವೆನ್ಯೂ ಮಾರ್ಗ ಒಂದೇ ದಿನಕ್ಕೆ ಸುಮಾರು 13 ಲಕ್ಷ ಜನರನ್ನು ಹೊರುತ್ತಿತ್ತು. 2011ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಹತ್ತು ಲಕ್ಷದೊಳಗೇ ಇತ್ತು! 2017ರ ಜನವರಿ 1ರಂದು ಸೆಕೆಂಡ್ ಅವೆನ್ಯೂದಲ್ಲಿ ಮೂರು ಹೊಸ ಸ್ಟೇಷನ್ ತೆರೆದ ಮೇಲೆ ಆ ಮಾರ್ಗಕ್ಕೆ ಸ್ವಲ್ಪ ಉಸಿರಾಡಲು ಆಯಿತು. ಬೆಳಿಗ್ಗೆ 8ರಿಂದ 9:30, ಸಂಜೆ 5ರಿಂದ 6:30 ಬಿಟ್ಟು ಹೊರಟರೆ ವಯಸ್ಸಾದವರಿಗೂ ಸೀಟು ಸಿಗುವ ಸಂಭವ ಹೆಚ್ಚು. ಎಲ್ಲ ಬೋಗಿಯೂ ತುಂಬಿ ನಡುವೆ ಒಂದೇ ಒಂದು ಖಾಲಿ ಬಂದರೆ ಅದಕ್ಕೆ ಹತ್ತಬೇಡಿ. ಒಳಗೆ ಎಸಿ ಕೆಟ್ಟಿರುತ್ತದೆ, ಇಲ್ಲವೇ ನಿಲ್ಲಲಾಗದ ವಾಸನೆ ಇರುತ್ತದೆ.

ಟಿಕೆಟ್ಟಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಗೇಟಿನಲ್ಲಿ ಆಮ್ನಿ ಎಂಬ ಚಿಕ್ಕ ಪರದೆಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮುಟ್ಟಿಸಿದರೆ ಸಾಕು, ಹಸಿರಾಗಿ "ಗೋ" ಎಂದು ಬಂದ ಮೇಲೆ ಗೇಟು ತಳ್ಳಬೇಕು. ಅದಕ್ಕೆ ಮುಂಚೆ ತಳ್ಳಿದರೆ ಗೇಟು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಊರು ಬಿಡುವ ಮುನ್ನವೇ ಬ್ಯಾಂಕಿನ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ. ಒಂದು ಆನ್ ಮಾಡಿ ಇನ್ನೊಂದು ಬಿಟ್ಟರೂ ಕಾರ್ಡು ಓದುವುದಿಲ್ಲ. ಏಳು ದಿನದಲ್ಲಿ ಹನ್ನೆರಡು ಪ್ರಯಾಣಕ್ಕೆ ದುಡ್ಡು ಕೊಟ್ಟರೆ ಆ ವಾರದ ಉಳಿದ ಪ್ರಯಾಣ ಪುಕ್ಕಟೆ, ಆದರೆ ಪ್ರತಿ ಸಲವೂ ಅದೇ ಕಾರ್ಡು ಮುಟ್ಟಿಸಿರಬೇಕು. ಗಂಡ ಹೆಂಡತಿ ಒಂದೇ ಕಾರ್ಡನ್ನು ಎರಡು ಸಲ ಮುಟ್ಟಿಸಿದರೆ ಈ ಲಾಭ ಒಬ್ಬರಿಗೆ ಮಾತ್ರ. ಇವತ್ತು ಕಾರ್ಡು, ನಾಳೆ ಅದೇ ಕಾರ್ಡು ಸೇರಿಸಿದ ಫೋನು ಎಂದರೆ ಯಂತ್ರಕ್ಕೆ ಅದು ಎರಡು ಬೇರೆ ಕಾರ್ಡು. ಮೆಟ್ಟಿಲಿಳಿಯುವ ಮೊದಲು "ಅಪ್‌ಟೌನ್", "ಡೌನ್‌ಟೌನ್" ಬೋರ್ಡು ನೋಡಿ. ಎಷ್ಟೋ ಸ್ಟೇಷನ್‌ಗಳಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ಬಾಗಿಲಿದ್ದು ಒಳಗಿನಿಂದ ದಾಟಲು ದಾರಿ ಇರುವುದಿಲ್ಲ. ಎಲ್ಲ ಕಡೆ ನಿಲ್ಲುವ ಲೋಕಲ್ಲು, ದೊಡ್ಡ ಸ್ಟೇಷನ್ನಿನಲ್ಲಷ್ಟೇ ನಿಲ್ಲುವ ಎಕ್ಸ್‌ಪ್ರೆಸ್ಸು ಇಲ್ಲೂ ಇವೆ. ಶನಿವಾರ, ಭಾನುವಾರ ಹಳಿ ಕೆಲಸ ನಡೆದರೆ ಎಕ್ಸ್‌ಪ್ರೆಸ್ಸು ಲೋಕಲ್ಲಾಗುತ್ತದೆ, ಲೋಕಲ್ಲು ಬೇರೆ ದಾರಿ ಹಿಡಿಯುತ್ತದೆ. ಆ ದಿನ ಪ್ಲಾಟ್‌ಫಾರಂನ ನೋಟಿಸು ಓದದೆ ಹತ್ತಬೇಡಿ.

ರಶ್ಶಿನ ವಿಷಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬಾರ್ಟ್ ಎಂಬ ರೈಲು ನ್ಯೂಯಾರ್ಕಿಗೆ ತದ್ವಿರುದ್ಧ. 1972ರಲ್ಲಿ ಶುರುವಾದ ಈ ರೈಲಿನ ಹಳಿಯ ಅಗಲ 1,676 ಮಿಲಿಮೀಟರ್, ಅಂದರೆ ನಮ್ಮ ಮೈಸೂರು–ಬೆಂಗಳೂರು ಬ್ರಾಡ್‌ಗೇಜಿನಷ್ಟೇ. ಅಮೆರಿಕದಲ್ಲಿ ಇಂಥ ಹಳಿ ಅಪರೂಪ. ಕೋವಿಡ್‌ಗೆ ಮುಂಚೆ ಕೆಲಸದ ದಿನ ನಾಲ್ಕು ಲಕ್ಷದಷ್ಟು ಪ್ರಯಾಣ ಇದ್ದದ್ದು 2023ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿತ್ತು. ಕಾರಣ ಸ್ಪಷ್ಟ: ಇದರ ಗಿರಾಕಿಗಳು ಹೆಚ್ಚಾಗಿ ಆಫೀಸಿಗೆ ಹೋಗಿಬರುವವರು, ಅದರಲ್ಲೂ ಸಾಫ್ಟ್‌ವೇರಿನವರು. ಅವರು ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತರು. ನ್ಯೂಯಾರ್ಕಿನಲ್ಲಿ ಅಂಗಡಿ, ಆಸ್ಪತ್ರೆ, ಹೋಟೆಲಿನ ಕೆಲಸದವರೂ ರೈಲನ್ನೇ ನಂಬಿರುವುದರಿಂದ ಅಲ್ಲಿ ಅಷ್ಟು ಕುಸಿಯಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಾರ್ಟ್ ಒಳ್ಳೆಯ ನಿರ್ಧಾರ ಮಾಡಿತು. ಬೋಗಿ ಕಡಿಮೆ ಮಾಡಿ, ಇರುವ ಜನ ಒತ್ತಾಗಿ ಕೂರುವಂತೆ ಮಾಡಿತು. ಖಾಲಿ ಬೋಗಿಯಲ್ಲಿ ಒಂಟಿಯಾಗಿ ಕೂರಲು ಹೆದರುವವರಿಗೆ ಅಕ್ಕಪಕ್ಕ ನಾಲ್ಕು ಜನ ಇರುವುದೇ ಕಾವಲು. ಅದೇ ಕಾರಣಕ್ಕೆ ಪ್ಲಾಟ್‌ಫಾರಂನ ತುದಿಯಲ್ಲಿ ನಿಲ್ಲಬೇಡಿ, ಚಿಕ್ಕ ರೈಲು ಅಲ್ಲಿಯವರೆಗೂ ಬರುವುದಿಲ್ಲ.

ಬಾರ್ಟ್‌ನಲ್ಲೂ ವಾಷಿಂಗ್ಟನ್ ಮೆಟ್ರೊದಲ್ಲೂ ದೂರದ ಮೇಲೆ ದರ. ನಮ್ಮ ಮೆಟ್ರೊದ ಹಾಗೆಯೇ ಇಳಿದಾಗಲೂ ಕಾರ್ಡು ಮುಟ್ಟಿಸಬೇಕು. ವಾಷಿಂಗ್ಟನ್ನಿನ ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷೇಧ, ಬುತ್ತಿ ಚೀಲದಲ್ಲೇ ಇರಲಿ. ಎಸ್ಕಲೇಟರಿನಲ್ಲಿ ಬಲಗಡೆ ನಿಂತು ಎಡಗಡೆ ದಾರಿ ಬಿಡಬೇಕು. ವೀಟನ್ ಸ್ಟೇಷನ್ನಿನ ಎಸ್ಕಲೇಟರು 70 ಮೀಟರ್ ಉದ್ದ, ಮಂಡಿನೋವು, ತಲೆಸುತ್ತು ಇರುವವರು ಲಿಫ್ಟೇ ಹಿಡಿಯಿರಿ. ಸರ್ಕಾರಿ ನೌಕರರ ಊರಾದ್ದರಿಂದ ಆಫೀಸು ವೇಳೆಯಲ್ಲಿ ಗಿಜಿಗುಡುತ್ತದೆ, ಒಟ್ಟಿನಲ್ಲಿ ಅಚ್ಚುಕಟ್ಟಾದ ಸೇವೆ.

ಷಿಕಾಗೊದಲ್ಲಿ ರೆಡ್, ಬ್ಲೂ ಲೈನುಗಳು ರಾತ್ರಿಯಿಡೀ ಓಡುತ್ತವೆ. ಬ್ಲೂ ಲೈನು ಓಹೇರ್ ವಿಮಾನ ನಿಲ್ದಾಣದಿಂದ ನೇರ ಊರೊಳಗೆ ತರುತ್ತದೆ. ಬಾಸ್ಟನ್ನಿನದು 1897ರ ಮೆಟ್ರೊ ಸುರಂಗ, ದೇಶದಲ್ಲೇ ಮೊದಲನೆಯದು. ಹಳಿ ಹದಗೆಟ್ಟು 2022ರಲ್ಲಿ ಆರೆಂಜ್ ಲೈನನ್ನು 30 ದಿನ ಪೂರ್ತಿ ಮುಚ್ಚಿದ್ದರು, ಮರುವರ್ಷ ಎಲ್ಲ ಮಾರ್ಗಗಳಲ್ಲೂ ರೈಲು ಆಮೆವೇಗಕ್ಕೆ ಇಳಿದಿತ್ತು. ದುರಸ್ತಿ ಮುಂದೂಡಿದರೆ ಜನ ಹೇಗೆ ಚದುರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಲಾಸ್ ಏಂಜಲೀಸ್ ಎಂದರೆ ಕಾರಿನ ಊರು ಎನ್ನುತ್ತಾರೆ, ಆದರೂ ಅಲ್ಲಿನ ಬಸ್ಸುಗಳು ತುಂಬಿಯೇ ಓಡುತ್ತವೆ. ಮೆಟ್ರೊ ಸಂಸ್ಥೆಯ ಪ್ರಯಾಣಿಕರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಬಸ್ಸಿನವರೇ. 1.75 ಡಾಲರ್ ಟಿಕೆಟ್ಟಿಗೆ ಎರಡು ಗಂಟೆಯೊಳಗೆ ಬಸ್ಸು ಬದಲಿಸಬಹುದು, ಕಾರ್ಡಿನಲ್ಲಿ ಕೊಟ್ಟರೆ ಮಾತ್ರ. ಚಿಲ್ಲರೆ ಹಾಕಿದವರಿಗೆ ಆ ಸೌಲಭ್ಯವೂ ಇಲ್ಲ, ಬಾಕಿಯೂ ವಾಪಸ್ ಬರುವುದಿಲ್ಲ.

ಯಾವ ಊರೇ ಆಗಲಿ, ಹೊರಡುವ ಮುನ್ನ ಮಗನ ಅಥವಾ ಮಗಳ ಮನೆ ವಿಳಾಸವನ್ನು ಗೂಗಲ್ ಮ್ಯಾಪ್‌ನಲ್ಲಿ ಹಾಕಿ, ಬಸ್ಸಿನ ಚಿತ್ರ ಒತ್ತಿ, ಹೊರಡುವ ಸಮಯವನ್ನು ಭಾನುವಾರ ಮಧ್ಯಾಹ್ನ 3 ಗಂಟೆ ಎಂದು ಕೊಡಿ. ಒಂದು ಗಾಡಿಗೂ ಮುಂದಿನದಕ್ಕೂ ಹದಿನೈದು ನಿಮಿಷದೊಳಗಿನ ಅಂತರ ಇದ್ದರೆ ದೇವಸ್ಥಾನ, ಲೈಬ್ರರಿಗೆ ನೀವೇ ಹೋಗಿಬರಬಹುದು. ಒಂದು ಗಂಟೆ ಎಂದು ತೋರಿಸಿದರೆ ಮಕ್ಕಳಿಗೆ ರಜೆ ಇರುವ ದಿನ ನೋಡಿ ಕಾರಿನಲ್ಲೇ ಹೋಗಿ.