ಒಂದೇ ಕಾರಿನಲ್ಲಿ ಮೂರು ಕ್ಲಚ್: ಸೆರಾಮಿಕ್, ಕೆವ್ಲಾರ್, ಆರ್ಗಾನಿಕ್

ಟ್ಯೂನ್ ಮಾಡಿಸಿದ ಮೇಲೆ ನನ್ನ ಟರ್ಬೊ ಪೆಟ್ರೋಲ್ ಕಾರಿನ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 260 ನ್ಯೂಟನ್ ಮೀಟರ್‌ನಿಂದ 330ಕ್ಕೆ ಏರಿತು. ಕೆಲವೇ ವಾರಗಳಲ್ಲಿ, ಐದನೇ ಗೇರಿನಲ್ಲಿ ಏರುರಸ್ತೆ ಹತ್ತುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರುತ್ತಿತ್ತು, ವೇಗ ಮಾತ್ರ ಇದ್ದಲ್ಲೇ ಇರುತ್ತಿತ್ತು. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಜಾರುತ್ತಿತ್ತು. ಅಲ್ಲಿಂದೀಚೆಗೆ ಮೂರು ಬಗೆಯ ಕ್ಲಚ್‌ಗಳನ್ನು ಇದೇ ಕಾರಿನಲ್ಲಿ ಹಾಕಿ ಓಡಿಸಿದ್ದೇನೆ.

ಕ್ಲಚ್ ಎಷ್ಟು ಟಾರ್ಕ್ ಹಿಡಿದಿಡಬಲ್ಲದು ಎಂಬುದನ್ನು ಕಾಗದದ ಮೇಲೆಯೇ ಅಂದಾಜು ಮಾಡಬಹುದು. ಘರ್ಷಣಾಂಕ, ಕ್ಲಚ್ ಪ್ಲೇಟನ್ನು ಎಂಜಿನ್ನಿನ ಫ್ಲೈವೀಲಿಗೆ (ಭಾರದ ಚಕ್ರಕ್ಕೆ) ಪ್ರೆಶರ್ ಪ್ಲೇಟ್ ಒತ್ತುವ ಬಲ, ಕ್ಲಚ್ ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ, ಈ ನಾಲ್ಕನ್ನು ಗುಣಿಸಿದರೆ ಸಾಕು. ಘರ್ಷಣಾಂಕ 0.3, ಬಲ 6,000 ನ್ಯೂಟನ್, ತ್ರಿಜ್ಯ 94 ಮಿಲಿಮೀಟರ್, ಮುಖಗಳು ಎರಡು ಎಂದಿಟ್ಟುಕೊಂಡರೆ ಸುಮಾರು 338 ನ್ಯೂಟನ್ ಮೀಟರ್ ಬರುತ್ತದೆ. 330ರ ಎಂಜಿನ್ನಿಗೆ ಇದು ಸಾಲದು, ಏಕೆಂದರೆ ಕ್ಲಚ್ ಕಾದಾಗ ಹಿಡಿತ ತಗ್ಗುತ್ತದೆ, ಸವೆದಂತೆ ಇನ್ನಷ್ಟು ತಗ್ಗುತ್ತದೆ. ಹಳೆಯ ಕ್ಲಚ್ ಯಾಕೆ ಸೋತಿತೆಂಬುದು ಈ ಲೆಕ್ಕ ಹಾಕಿದ ಮೇಲೆ ನನಗೆ ಅರ್ಥವಾಯಿತು. ಆದರೆ ಮೊದಲ ಖರೀದಿಯ ಹೊತ್ತಿಗೆ ನಾನು ಈ ಲೆಕ್ಕ ಹಾಕಿರಲಿಲ್ಲ; ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಂಕಿ ಇದ್ದ ಆರು ತುಂಡುಗಳ ಸೆರಾಮಿಕ್ ಪ್ಲೇಟನ್ನೇ ತಂದೆ.

ಸೆರಾಮಿಕ್ ಎಂದೂ ಜಾರಲಿಲ್ಲ, ಅದನ್ನು ಒಪ್ಪಲೇಬೇಕು. ಸಾಮಾನ್ಯ ಪ್ಲೇಟಿನ ಎರಡು ಮುಖಗಳ ನಡುವೆ ಅಲೆಯಾಕಾರದ ತೆಳು ಸ್ಪ್ರಿಂಗ್ ಹಾಳೆಗಳಿರುತ್ತವೆ, ಹಿಡಿತ ಮೆಲ್ಲಗೆ ಕೂಡಿಬರುವುದು ಅವುಗಳಿಂದಲೇ. ನಾನು ತಂದ ಪ್ಲೇಟಿನಲ್ಲಿ ಅವು ಇರಲಿಲ್ಲ. ಹೀಗಾಗಿ ಪೆಡಲ್ ಬಿಡುವಾಗ ಹಿಡಿಯದಿರುವುದಕ್ಕೂ ಪೂರ್ತಿ ಹಿಡಿಯುವುದಕ್ಕೂ ನಡುವೆ ಬೆರಳಗಲದಷ್ಟು ಅಂತರವೂ ಉಳಿಯಲಿಲ್ಲ. ದಟ್ಟಣೆಯಲ್ಲಿ ಕಾರು ಪ್ರತಿ ಸಲವೂ ಗಡಗಡ ನಡುಗಿ ಮುನ್ನುಗ್ಗುತ್ತಿತ್ತು, ಹಿಂದಕ್ಕೆ ತೆಗೆಯುವಾಗಲಂತೂ ಹಿಂಸೆಯೇ. ಎಂಟು ತಿಂಗಳ ಬಳಿಕ ಬಿಚ್ಚಿಸಿದಾಗ ಫ್ಲೈವೀಲ್ ಮೇಲೆ ನೀಲಿಗಟ್ಟಿದ ಕಲೆಗಳೂ ಉಗುರಿಗೆ ಸಿಗುವಷ್ಟು ಆಳದ ಗೀರುಗಳೂ ಇದ್ದವು. ರೇಸಿನ ಕಾರಿಗೆ ಇದು ತಕ್ಕದ್ದು, ದಿನನಿತ್ಯ ಓಡಿಸುವ ಕಾರಿಗೆ ಇದನ್ನು ಹಾಕಿಸಿ ಎಂದು ನಾನು ಖಂಡಿತ ಹೇಳಲಾರೆ.

ಎರಡನೆಯದು ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರಿನ ಪ್ಲೇಟ್. ಮಾರಿದವರು ನನ್ನ ಎಂಜಿನ್ ಮಾದರಿಗೆ ಹೊಂದುತ್ತದೆ ಎಂದೇ ಕೊಟ್ಟಿದ್ದರು. ಗೇರ್‌ಬಾಕ್ಸ್ ಕೆಳಗಿಳಿಸಿದ ಮೇಲೆ ಪ್ಲೇಟನ್ನು ಅದರ ಇನ್‌ಪುಟ್ ಶಾಫ್ಟಿಗೆ (ಶಕ್ತಿ ಒಳಬರುವ ದಂಡಕ್ಕೆ) ಕೈಯಿಂದ ತೊಡಿಸಿ ನೋಡಿದರೆ ಅದು ತುದಿಯಲ್ಲೇ ನಿಂತಿತು. ಎಣಿಸಿ ನೋಡಿದೆ: ಶಾಫ್ಟಿನಲ್ಲಿ 22 ಹಲ್ಲು, ಪ್ಲೇಟಿನ ಹಬ್ಬಿನಲ್ಲಿ (ಶಾಫ್ಟ್ ತೂರುವ ನಡುಭಾಗದಲ್ಲಿ) 24. ಎಂಜಿನ್ ಒಂದೇ ಆದರೂ ಗೇರ್‌ಬಾಕ್ಸ್ ಬೇರೆಯಾಗಿದ್ದರೆ ಹೀಗಾಗುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಹಲ್ಲುಗಳ ಸಂಖ್ಯೆ, ಶಾಫ್ಟಿನ ವ್ಯಾಸ, ಪ್ಲೇಟಿನ ವ್ಯಾಸ, ಫ್ಲೈವೀಲ್ ಮುಖ ಸಮತಟ್ಟೋ ಮೆಟ್ಟಿಲುಳ್ಳದ್ದೋ ಎಂಬುದು, ಪ್ರೆಶರ್ ಪ್ಲೇಟಿನ ಬೆರಳುಗಳಂಥ ಸ್ಪ್ರಿಂಗ್ ತುದಿಗಳ ಎತ್ತರಕ್ಕೆ, ಪೆಡಲ್ ಒತ್ತಿದಾಗ ಅವುಗಳನ್ನು ತಳ್ಳುವ ರಿಲೀಸ್ ಬೇರಿಂಗ್ ಸರಿಹೊಂದುತ್ತದೆಯೇ ಎಂಬುದು, ಇವೆಲ್ಲವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು. ಡ್ಯುಯಲ್ ಮಾಸ್ (ಎರಡು ಭಾಗಗಳ) ಫ್ಲೈವೀಲ್ ಇರುವ ಕಾರಿನಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಕಂಪನ ನುಂಗುವ ಸ್ಪ್ರಿಂಗ್‌ಗಳು ಫ್ಲೈವೀಲ್ ಒಳಗೇ ಇರುವುದರಿಂದ, ಅದನ್ನು ತೆಗೆದು ಗಟ್ಟಿ ಫ್ಲೈವೀಲ್ ಹಾಕಿಸುವವರು ಹಬ್ಬಿನಲ್ಲಿ ಸ್ಪ್ರಿಂಗ್ ಇರುವ ಪ್ಲೇಟನ್ನೇ ಆರಿಸಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಕಟಕಟ ಸದ್ದು ಮಾಡತೊಡಗುತ್ತದೆ.

ಸರಿಯಾದ ಹಬ್ ತರಿಸಿ ಹಾಕಿಸಿದ ಕೆವ್ಲಾರ್ ಬಹಳ ನಯವಾಗಿತ್ತು, ಪೆಡಲ್ ಕೂಡ ಹಗುರ. ಆದರೆ ಅದು ಹೊಸದಾಗಿ ಸಾಣೆ ಹಿಡಿಸಿದ ಫ್ಲೈವೀಲನ್ನೂ ಮೊದಲಿಗೆ ತಾಳ್ಮೆಯ ಓಟವನ್ನೂ ಬೇಡುತ್ತದೆ. 800 ಕಿಲೋಮೀಟರ್ ಊರೊಳಗಿನ ಓಟ ಎಂದು ಸೂಚನೆಯಿತ್ತು. 500 ತುಂಬುವ ಮೊದಲೇ ಕಡಿದಾದ ಏರಿನ ದಟ್ಟಣೆಯಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡೆ, ಸುಟ್ಟ ವಾಸನೆ ಬಂತು. ಆಮೇಲೆ ಹಿಡಿತ ಮೊದಲಿನಂತಾಗಲೇ ಇಲ್ಲ. ಬಿಚ್ಚಿದಾಗ ಪ್ಲೇಟಿನ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಇಂಥ ರಸ್ತೆಗಳು ತಪ್ಪದವರಿಗೆ ಕೆವ್ಲಾರ್ ಬೇಡವೆಂದೇ ನನ್ನ ಅಭಿಪ್ರಾಯ.

ಈಗಿರುವುದು ಪೂರ್ಣ ಮುಖದ ಆರ್ಗಾನಿಕ್ (ನಾರು ಮತ್ತು ರಾಳ ಬೆರೆಸಿ ಮಾಡಿದ) ಪ್ಲೇಟ್ ಮತ್ತು ಕಾರಿನ ಹಳೆಯ ಕ್ಲಚ್ಚಿನದಕ್ಕಿಂತ ಶೇ. 25ರಷ್ಟು ಹೆಚ್ಚು ಬಲದ ಪ್ರೆಶರ್ ಪ್ಲೇಟ್. ಅದೇ ಲೆಕ್ಕದಲ್ಲಿ ಇದರ ಸಾಮರ್ಥ್ಯ ಸುಮಾರು 423 ನ್ಯೂಟನ್ ಮೀಟರ್. ಪೆಡಲ್ ಭಾರವಾಗಿದೆ, ದೀರ್ಘ ದಟ್ಟಣೆಯ ಕೊನೆಗೆ ಎಡ ಮೊಣಕಾಲಿಗೆ ಅದು ತಿಳಿಯುತ್ತದೆ. ಇದಕ್ಕಿಂತ ಬಿಗಿಯಾದುದನ್ನು ನಾನು ಬಯಸಲಿಲ್ಲ, ಏಕೆಂದರೆ ಪೆಡಲ್ ಒತ್ತಿದಾಗಲೆಲ್ಲ ಆ ಬಲ ಕ್ರ್ಯಾಂಕ್‌ಶಾಫ್ಟನ್ನು (ಎಂಜಿನ್ನಿನ ಮುಖ್ಯ ದಂಡವನ್ನು) ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಎಂಜಿನ್ನಿನ ಟಾರ್ಕ್ 400 ದಾಟಿದ್ದರೆ ನಾನು ಎರಡು ಪ್ಲೇಟುಗಳ ಕ್ಲಚ್ಚಿನ ಕಡೆ ನೋಡುತ್ತಿದ್ದೆ: ಉಜ್ಜುವ ಮುಖಗಳು ನಾಲ್ಕಾಗುವುದರಿಂದ ಅದರಲ್ಲಿ ಪೆಡಲ್ ಭಾರ ಮಾಡದೆಯೇ ಸಾಮರ್ಥ್ಯ ಹೆಚ್ಚಿಸಬಹುದು.

ಆರ್ಗಾನಿಕ್ ಹಾಕಿಸಿ 22,000 ಕಿಲೋಮೀಟರ್ ಆಗಿದೆ. ಅದೇ ಏರಿನಲ್ಲಿ, ಅದೇ ಐದನೇ ಗೇರಿನಲ್ಲಿ ಕಳೆದ ವಾರವೂ ಪೂರ್ತಿ ಒತ್ತಿ ನೋಡಿದೆ. ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಜೊತೆಜೊತೆಯಾಗಿಯೇ ಏರಿದವು.