ಕಗ್ಗಲಡು ಕೊಕ್ಕರೆ, ಮೂರು ಬಗೆಯ ಶಾರ್ಪನಿಂಗ್

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ತೆಗೆದ ಒಂದೇ ರಾ ಫೋಟೋವನ್ನು (ಕ್ಯಾಮೆರಾ ತಿದ್ದದೆ ಹಾಗೇ ಕೊಡುವ ಫೈಲ್) ಮೂರು ಬಗೆಯಲ್ಲಿ ಶಾರ್ಪ್ ಮಾಡಿ, ಅಂದರೆ ಅಂಚುಗಳನ್ನು ಚುರುಕಾಗಿಸಿ, ಅಕ್ಕಪಕ್ಕ ಇಟ್ಟು ನೋಡಿದೆ. ಹುಣಸೆ ಎಲೆ ಇದಕ್ಕೆ ಒಳ್ಳೇ ಪರೀಕ್ಷೆ. ಸಣ್ಣ ಸಣ್ಣ ಎಲೆ, ಹಿಂದೆ ಬೆಳ್ಳನೆ ಆಕಾಶ. ಸ್ವಲ್ಪ ಜಾಸ್ತಿಯಾದರೂ ಕಣ್ಣಿಗೆ ಚುಚ್ಚುತ್ತದೆ.

ಮೊದಲು ಫೋಟೋ ತಿದ್ದುವ ಸಾಫ್ಟ್‌ವೇರ್ ಜಿಂಪ್‌ನ ಅನ್‌ಶಾರ್ಪ್ ಮಾಸ್ಕ್. ಜಿಂಪ್‌ಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದು ರಾ ಫೈಲನ್ನು ತಾನೇ ತೆರೆಯುವುದಿಲ್ಲ. ಹಾಗಾಗಿ ರಾ ಫೈಲ್ ತೆರೆಯುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ನಲ್ಲಿ ಶಾರ್ಪನಿಂಗ್ ಆಫ್ ಮಾಡಿ, ಜಿಂಪ್ ತೆರೆಯಬಲ್ಲ ಟಿಫ್ ಫೈಲ್ ಮಾಡಿಕೊಂಡೆ. ಅನ್‌ಶಾರ್ಪ್ ಮಾಸ್ಕ್ ಫಿಲ್ಮ್ ಕಾಲದ ಡಾರ್ಕ್‌ರೂಮಿನಿಂದ ಬಂದ ವಿಧಾನ. ಫೋಟೋದ ಮಸುಕು ಪ್ರತಿಯೊಂದನ್ನು ಮಾಡಿ, ಅದಕ್ಕೂ ಮೂಲಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೇ ಸೇರಿಸುತ್ತದೆ. ಹಾಗಾಗಿ ಅಂಚಿನ ಕಪ್ಪು ಬದಿ ಇನ್ನೂ ಕಪ್ಪಾಗುತ್ತದೆ, ಬಿಳಿ ಬದಿ ಇನ್ನೂ ಬೆಳ್ಳಗಾಗುತ್ತದೆ. ಹೊಸ ವಿವರ ಏನೂ ಹುಟ್ಟುವುದಿಲ್ಲ. ಫೋಕಸ್ ತಪ್ಪಿದ ಫೋಟೋ ಇದರಿಂದ ಸರಿಹೋಗುವುದಿಲ್ಲ.

ಜಿಂಪ್ ತಾನಾಗಿ ಕೊಡುವ ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ ಪರಿಣಾಮ ಅನ್ನುವ ಅಳತೆ) 3. ಅಷ್ಟಿದ್ದಾಗ ಕೊಂಬೆಗಳ ಸುತ್ತ ಬಿಳಿ ಗೆರೆ ಎದ್ದು ಕಂಡಿತು. 1ರ ಹತ್ತಿರ ತಂದಾಗ ಅದು ಹೋಯಿತು, ಕೊಕ್ಕರೆಯ ಕಣ್ಣಿನ ಅಂಚು ಮಾತ್ರ ಚುರುಕಾಗಿ ಉಳಿಯಿತು. ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸ ಇದ್ದರೆ ಶಾರ್ಪ್ ಮಾಡಬೇಕು ಅನ್ನುವ ಮಿತಿ) ಚೂರು ಏರಿಸಿದರೆ ಆಕಾಶದ ನಾಯ್ಸ್, ಅಂದರೆ ಸಣ್ಣ ಕಾಳುಕಾಳು, ಕೆದಕುವುದಿಲ್ಲ. ಸ್ಪ್ಲಿಟ್ ವ್ಯೂ ಹಾಕಿದರೆ ಅರ್ಧ ಹಳೆಯದು, ಅರ್ಧ ಹೊಸದು ಒಟ್ಟಿಗೇ ಕಾಣುತ್ತವೆ. ಕಲಿಯುವವರು ಇದರಿಂದಲೇ ಶುರುಮಾಡಲಿ ಅನ್ನುತ್ತೇನೆ. ಏನು ಬದಲಾಯಿತು ಅಂತ ಕಣ್ಣಿಗೆ ನೇರವಾಗಿ ಕಾಣುತ್ತದೆ.

ಎರಡನೆಯದು ಲೈಟ್‌ರೂಮ್, ಇದೂ ಫೋಟೋ ತಿದ್ದುವ ಸಾಫ್ಟ್‌ವೇರೇ. ಇದಕ್ಕೆ ಚಂದಾ ಕಟ್ಟಬೇಕು. ಅದರ ಮಾಸ್ಕಿಂಗ್ (ಎಲ್ಲಿ ಶಾರ್ಪ್ ಆಗಬೇಕು, ಎಲ್ಲಿ ಬೇಡ ಅಂತ ಹೇಳುವ ಸ್ಲೈಡರ್) ಮಾತ್ರ ಬಹಳ ಇಷ್ಟವಾಯಿತು. ಆಲ್ಟ್ ಕೀ ಒತ್ತಿಕೊಂಡು ಸ್ಲೈಡರ್ ಎಳೆದರೆ ಶಾರ್ಪ್ ಆಗುವ ಜಾಗ ಬಿಳಿ, ಬಿಡುವ ಜಾಗ ಕಪ್ಪು. ಆಕಾಶ ಪೂರ್ತಿ ಕಪ್ಪಾಯಿತು. ಹಳದಿ ಕೊಕ್ಕು, ರೆಕ್ಕೆಯ ಕಪ್ಪು ಪಟ್ಟಿಗಳ ಅಂಚು ಬೆಳ್ಳಗೆ ನಿಂತವು. ಆದರೆ ಹುಣಸೆ ಎಲೆಗಳೂ ಅಂಚುಗಳೇ ಅಲ್ವಾ, ಅವೂ ಬೆಳ್ಳಗೇ ಉಳಿದವು. ಅವನ್ನು ಬ್ರಷ್‌ನಿಂದ ಬೇರೆಯಾಗಿಯೇ ತಗ್ಗಿಸಬೇಕಾಯಿತು.

ಮೂರನೆಯದು ಹೈ ಪಾಸ್. ಇದು ಅಂಚುಗಳನ್ನಷ್ಟೇ ಬೇರೆ ಪದರವಾಗಿ ತೆಗೆದು ಫೋಟೋದ ಮೇಲೆ ಬೆರೆಸುವ ವಿಧಾನ. ಹಕ್ಕಿಗೆ ಇದು ಬೇಡ. ಗರಿಗಳು ಒರಟಾಗುತ್ತವೆ. ಮಧುಗಿರಿ ಬೆಟ್ಟದ ಬಂಡೆಗೆ, ಕೋಟೆಯ ಗೋಡೆಗೆ ಸಾಫ್ಟ್ ಲೈಟ್ ಅನ್ನುವ ಬೆರೆಸುವ ಮೋಡ್‌ನಲ್ಲಿ ಹಾಕಿದರೆ ಚೆನ್ನಾಗಿ ಒಪ್ಪುತ್ತದೆ.

ಯಾವುದನ್ನೇ ಬಳಸಿ, ಬೇರೆಯವರು ಹೇಳಿದ ನಂಬರನ್ನು ಸುಮ್ನೆ ಹಾಕಬೇಡಿ. ಅದು ಅವರ ಲೆನ್ಸಿಗೆ, ಅವರ ಫೋಟೋಗೆ ಸರಿಹೋಗಿದ್ದು. 100% ಜೂಮ್‌ನಲ್ಲಿ ಅಮೌಂಟನ್ನು (ಶಾರ್ಪನಿಂಗ್ ಎಷ್ಟು ಜೋರು ಅನ್ನುವುದನ್ನು) ಅತಿಯಾಗುವ ತನಕ ಏರಿಸಿ, ಆಮೇಲೆ ಆ ಬಿಳಿ ಗೆರೆ ಕಾಣದಷ್ಟು ಇಳಿಸಿ. ನೋಡ್ತಾ ನೋಡ್ತಾ ಕಣ್ಣು ಅತಿಗೂ ಒಗ್ಗಿಬಿಡುತ್ತದೆ. ಅದಕ್ಕೆ ಎದ್ದು ಕಾಫಿ ಕುಡಿದು ಬಂದು ಮತ್ತೆ ನೋಡಿ. ಪ್ರಿಂಟ್‌ಗಾದರೆ ತೆರೆಯ ಮೇಲೆ ಒಂದು ಚೂರು ಜಾಸ್ತಿ ಅನ್ನಿಸುವಷ್ಟು ಇರಲಿ. ಕಾಗದದ ಮೇಲೆ ಶಾಯಿ ಸ್ವಲ್ಪ ಹರಡಿ ಅಂಚು ಮೆತ್ತಗಾಗುತ್ತದೆ. ವಾಟ್ಸಾಪ್‌ಗೆ ಕಳಿಸುವ ಪ್ರತಿಯನ್ನು ಮೊದಲು ಚಿಕ್ಕದು ಮಾಡಿ, ಆಮೇಲಷ್ಟೇ ಶಾರ್ಪ್ ಮಾಡಿ. ಅದಕ್ಕೆ ರೇಡಿಯಸ್ ಅರ್ಧ ಇದ್ದರೂ ಸಾಕು.