ಗಾಳಿಯಂತ್ರಕ್ಕೆ ಹೊಲ: ಮಾರಬೇಕೋ, ಲೀಸಿಗೆ ಕೊಡಬೇಕೋ?

ಗದಗ ಕಡೆಯ ನಿಮ್ಮ ಎರಿ (ಕಪ್ಪು ಮಣ್ಣಿನ) ಹೊಲವನ್ನು ಗಾಳಿಯಿಂದ ಕರೆಂಟ್ ಮಾಡುವ ಕಂಪನಿಯವರು ಕೇಳಿದ್ದಾರೆ, ಅಲ್ವಾ? ಮಾರಿದರೆ ಒಂದೇ ಗಂಟು ದುಡ್ಡು. ಸಾಲದ ಕಾಟ ಜಾಸ್ತಿ ಇದ್ದರೆ ಅದೇ ಸರಿ. ಲೀಸಾದರೆ ವರ್ಷವರ್ಷ ಬಾಡಿಗೆ, ಪಹಣಿಯಲ್ಲಿ ಹೆಸರೂ ನಿಮ್ಮದೇ. ಆದರೆ ಯಂತ್ರದ ಆಯಸ್ಸು 20-25 ವರ್ಷ. ಬಾಡಿಗೆ ಏರುವ ಲೆಕ್ಕ ಕರಾರಿನಲ್ಲಿ ಇಲ್ಲದಿದ್ದರೆ ಕೊನೆಕೊನೆಗೆ ಆ ದುಡ್ಡು ಚಹಾಕ್ಕೂ ಸಾಲದು.

ಹೊಲದ ಗತಿ ನೋಡಿ. ಕ್ರೇನ್ ಬರಲು ಗರಸು ಹಾಕಿ ರೋಡ್ ಮಾಡುತ್ತಾರೆ. ಎರಿ ಮಣ್ಣು ತುಳಿದು ಗಟ್ಟಿಯಾದರೆ ಕುಂಟೆ ಇಳಿಯುವುದಿಲ್ಲ. ಮಳೆನೀರು ರೋಡಿಗೆ ತಡೆದು ನಿಂತು ಕಡಲೆ ಕೊಳೆಯುತ್ತದೆ. ಪಕ್ಕದ ತುಂಡು ನಿಮ್ಮದೇ ಇದ್ದರೆ, ಮಾರಿದರೂ ಈ ಕಾಟ ತಪ್ಪದು. ದಾರಿ, ಬೆಳೆ ನಷ್ಟ, ಕೊನೆಗೆ ಯಂತ್ರದ ಬುಡದ ಕಾಂಕ್ರೀಟ್ ಕಿತ್ತು ತೆಗೆಯುವವರು ಯಾರು, ಎಲ್ಲ ಬರೆಸಿ ನೋಂದಣಿ ಮಾಡಿಸಿ.

ಮಕ್ಕಳು ಒಕ್ಕಲುತನ ಮಾಡುವವರಾದರೆ ನಾನು ಲೀಸೇ ಅನ್ನುತ್ತೇನೆ. ಅವರು ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದು, ಹೊಲ ಸುಮ್ನೆ ಬೀಳು ಬಿದ್ದಿದ್ದರೆ, ಮಾರುವುದೂ ತಪ್ಪಲ್ಲ.